ಸಹಿಗೆ ಮುಂಚೆ ಓದಿಸಿಕೊಳ್ಳಿ

(ಹುಣಸೂರಿನಲ್ಲಿ ನಾಲ್ಕು ತಾಲ್ಲೂಕುಗಳ ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವವನನ್ನು ನೀವೆಲ್ಲ ನೋಡಿದ್ದೀರಿ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಸುಳಿ ನೋಡುತ್ತಾನೆ. ಗೊರಸು ತಟ್ಟುತ್ತಾನೆ. ಹತ್ತು ಹೆಜ್ಜೆ ನಡೆಸಿ, ತಿರುಗಿಸಿ, ಮತ್ತೆ ನಡೆಸುತ್ತಾನೆ. ದಲ್ಲಾಳಿ ಎಷ್ಟೇ ಅವಸರ ಮಾಡಲಿ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಎಷ್ಟೇ ಆಸೆ ತೋರಿಸಲಿ, ತನಗೆ ಒಪ್ಪಿಗೆಯಾಗದೆ ಹಗ್ಗ ಹಿಡಿಯುವುದಿಲ್ಲ. ಅದೇ ಮನುಷ್ಯ ಇಪ್ಪತ್ತು ವರ್ಷ ಗಿರಣಿಯ ಧೂಳು ಕುಡಿದು ಕೂಡಿಟ್ಟ ಪ್ರಾವಿಡೆಂಟ್ ಫಂಡಿನ ಹಣವನ್ನು ಒಂದು ಮೂವತ್ತು–ನಲವತ್ತರ ಸೈಟಿಗೆ ಸುರಿಯುವಾಗ, ಎಂಟು ಪುಟದ ಕರಾರುಪತ್ರಕ್ಕೆ ಒಂದು ಪುಟವನ್ನೂ ಓದದೆ ಎಂಟು ಸಹಿ ಹಾಕಿ, ಕಾಫಿ ಕುಡಿದು ಬರುತ್ತಾನೆ. ಎತ್ತಿಗೆ ತೋರಿಸಿದ ಅನುಮಾನವನ್ನು ಕಾಗದಕ್ಕೆ ತೋರಿಸುವುದಕ್ಕೆ ಅವನಿಗೆ ಸಂಕೋಚ. ದೊಡ್ಡವರು ಬರೆದದ್ದು, ವಕೀಲರು ನೋಡಿದ್ದು, ನಾನು ಓದಿಸು ಎಂದರೆ ಏನು ತಿಳಿದುಕೊಳ್ಳುತ್ತಾರೋ ಎಂಬ ಸಂಕೋಚ.

ಈ ಸಂಕೋಚದ ಬೆಲೆಯ ಮೇಲೆ ಎಷ್ಟೋ ಜನ ಮಹಡಿಮನೆ ಕಟ್ಟಿದ್ದಾರೆ.

ಈ ಸಭೆಯನ್ನು ಹುಣಸೂರಿನಲ್ಲಿ ಸೇರಿಸಿದ್ದಕ್ಕೆ ಕಾರಣವಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ಕಡೆಗೂ ಉಪವಿಭಾಗಾಧಿಕಾರಿಗಳ ಕಚೇರಿ ಇರುವುದು ಇಲ್ಲಿ. ಜಮೀನಿನ ಜಗಳ ಹೊತ್ತವರು ಒಂದಲ್ಲ ಒಂದು ದಿನ ಆ ಮೆಟ್ಟಿಲು ಹತ್ತುತ್ತಾರೆ. ಅವರ ಬಟ್ಟೆಚೀಲದಲ್ಲಿ ಪಹಣಿ, ರಸೀತಿ, ಜೆರಾಕ್ಸು ಎಲ್ಲ ಇರುತ್ತವೆ. ಗೋಳು ಮಾತ್ರ ಬಹುಪಾಲು ಒಂದೇ ರೀತಿಯದು: "ಅವರು ಬಾಯಲ್ಲಿ ಹೇಳಿದ್ದು ಒಂದು ಸ್ವಾಮಿ, ಕಾಗದದಲ್ಲಿ ಇರುವುದು ಇನ್ನೊಂದು."

ಕಾಗದದಲ್ಲಿ ಇನ್ನೂ ಒಂದು ಸಾಲು ಇರುತ್ತದೆ. ಪ್ರತಿಯೊಂದು ಕರಾರಿನ ಕೊನೆಯಲ್ಲೂ, ಸಹಿಯ ನೆತ್ತಿಯ ಮೇಲೆ ಇರುತ್ತದೆ. ಮೇಲೆ ಬರೆದ ಸಂಗತಿಗಳನ್ನೆಲ್ಲ ಓದಿಸಿ ಕೇಳಿ ತಿಳಿದುಕೊಂಡು, ಯಾರ ಬಲವಂತವೂ ಇಲ್ಲದೆ, ಸ್ವಸಂತೋಷದಿಂದ ಸಹಿ ಮಾಡಿರುತ್ತೇನೆ ಎಂಬ ಅರ್ಥದ ಸಾಲು. ಬಾಂಡ್ ರೈಟರ್ ಅದನ್ನು ಎಲ್ಲರಿಗೂ ಬರೆಯುತ್ತಾನೆ. ಕಂಪ್ಯೂಟರಿನಲ್ಲಿ ಅದು ಮೊದಲೇ ಇರುತ್ತದೆ. ನೀವು ಓದಿಸಿಕೊಂಡಿಲ್ಲ, ಕೇಳಿಲ್ಲ, ತಿಳಿದಿಲ್ಲ. ಆದರೆ ತಿಳಿದಿದ್ದೇನೆ ಎಂದು ನಿಮ್ಮ ಕೈಯಿಂದಲೇ ಸಾಕ್ಷಿ ಹೇಳಿಸಿಕೊಂಡಾಯಿತು. ನಾಳೆ ಮುನ್ಸೀಫ್ ಕೋರ್ಟಿನಲ್ಲಿ ನಿಂತು "ನನಗೆ ಗೊತ್ತಿರಲಿಲ್ಲ" ಎಂದರೆ ಎದುರು ವಕೀಲರು ಈ ಸಾಲಿನ ಮೇಲೆ ಬೆರಳಿಟ್ಟು, "ಇದು ನಿಮ್ಮ ಸಹಿ ಹೌದೋ ಅಲ್ಲವೋ?" ಎಂದು ಒಂದೇ ಪ್ರಶ್ನೆ ಕೇಳುತ್ತಾರೆ.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರಲ್ಲ, ಜಗಳ ಎಲ್ಲಿಂದ ಹತ್ತಿಕೊಂಡಿತು? ಗೇಣಿ ಅಳೆಯುವ ಕೊಳಗದಿಂದ. ಒಡೆಯರ ಕೊಳಗ ದೊಡ್ಡದು, ಅದರಲ್ಲಿ ಅಳೆದಷ್ಟೂ ರೈತನಿಗೆ ನಷ್ಟ. ಆ ಕೊಳಗ ಕಣ್ಣಿಗೆ ಕಾಣುತ್ತಿತ್ತು, ಕೈಯಲ್ಲಿ ಹಿಡಿದು ತೋರಿಸಬಹುದಾಗಿತ್ತು. ಇವತ್ತಿನ ಕೊಳಗ ಕರಾರುಪತ್ರ. ಅದರ ಅಳತೆ ಮಾತಿನೊಳಗೆ ಅಡಗಿದೆ. ಆದುದರಿಂದ ಈ ಹೊತ್ತು ನಾನು ದೊಡ್ಡ ರಾಜಕೀಯ ಆಡುವುದಿಲ್ಲ. ಆ ಮಾತುಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುತ್ತೇನೆ.

ಮೊದಲು ಎಲ್ಲಕ್ಕಿಂತ ಹೆಚ್ಚು ಮನೆ ಮುರಿದಿರುವ ಪತ್ರದ ವಿಷಯ. ನಮ್ಮ ಕಡೆ ಅದಕ್ಕೆ "ನಂಬಿಕೆ ಕ್ರಯ" ಎನ್ನುತ್ತಾರೆ. ಹೊಗೆಸೊಪ್ಪಿನ ಬೆಳೆಗಾರನೊಬ್ಬನನ್ನು ಮನಸ್ಸಿಗೆ ತಂದುಕೊಳ್ಳಿ. ಬ್ಯಾರನ್ನಿಗೆ ಸೌದೆ ಬೇಕು, ಗೊಬ್ಬರ ಬೇಕು, ಮಗಳ ಮದುವೆ ಬೇರೆ. ಹರಾಜು ಮಾರುಕಟ್ಟೆಯಲ್ಲಿ ದುಡ್ಡು ಕೈಗೆ ಬರುವುದು ಇನ್ನೂ ಐದು ತಿಂಗಳಿಗೆ. ಸಾಲ ಕೊಡುವವನು ಹೇಳುತ್ತಾನೆ: "ದುಡ್ಡು ತಗೊಳ್ಳಿ ಗೌಡ್ರೇ, ನಂಬಿಕೆಗೆ ಒಂದು ಕ್ರಯ ಮಾಡಿಕೊಡಿ. ವಾಪಸು ಕೊಟ್ಟ ದಿನ ನಿಮ್ಮ ಹೆಸರಿಗೇ ಬರೆದುಕೊಡ್ತೀನಿ." ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುತ್ತಾರೆ. ಪತ್ರದಲ್ಲಿ ಸಾಲದ ಮಾತಿಲ್ಲ, ಬಡ್ಡಿಯ ಮಾತಿಲ್ಲ, ವಾಪಸಿನ ಮಾತಿಲ್ಲ. ಎರಡು ಎಕರೆ ಶುದ್ಧ ಕ್ರಯ, ಹಣ ಪೂರ್ತಿ ಸಂದಿದೆ, ಸ್ವಾಧೀನ ಕೊಟ್ಟಾಗಿದೆ, ಅಷ್ಟೇ. ಬೆಳೆಗಾರ ಬಡ್ಡಿ ಕಟ್ಟುತ್ತಾ ಹೋಗುತ್ತಾನೆ. ಮೂರನೆಯ ವರ್ಷ ಖಾತೆ ಬದಲಾಗಿ, ಪಹಣಿಯಲ್ಲಿ ಬೇರೆ ಹೆಸರು ಕೂತು, ಮೈಸೂರಿನಿಂದ ಯಾರೋ ಕಾರಿನಲ್ಲಿ ಬಂದು ಬೇಲಿ ಅಳೆಯುತ್ತಾರೆ.

ಕಾನೂನು ಏನು ಹೇಳುತ್ತದೆ? 1882ರ ಸ್ವತ್ತು ವರ್ಗಾವಣೆ ಕಾಯ್ದೆಯಲ್ಲಿ ಷರತ್ತಿನ ಕ್ರಯದ ಮೂಲಕ ಅಡಮಾನ ಮಾಡುವುದಕ್ಕೆ ಜಾಗವಿದೆ. ಆದರೆ 1929ರಲ್ಲಿ ಅದಕ್ಕೊಂದು ತಿದ್ದುಪಡಿ ಬಂತು: ಹಿಂತಿರುಗಿಸುವ ಷರತ್ತು ಕ್ರಯಪತ್ರದಲ್ಲಿಯೇ ಬರೆದಿರಬೇಕು. ಬೇರೆ ಹಾಳೆಯಲ್ಲಿ ಬರೆದರೆ ಅದು ಅಡಮಾನ ಎನಿಸಿಕೊಳ್ಳುವುದಿಲ್ಲ. ಇನ್ನು ಬಾಯಿಮಾತಿಗೆ ಎಲ್ಲಿ ಜಾಗ? ಬರೆದ ಪತ್ರಕ್ಕೆ ವಿರುದ್ಧವಾಗಿ ಬಾಯಿಮಾತಿನ ಸಾಕ್ಷ್ಯವನ್ನು ಸಾಮಾನ್ಯವಾಗಿ ಒಪ್ಪಕೂಡದೆಂದು ಸಾಕ್ಷ್ಯದ ಕಾಯ್ದೆ ಹೇಳುತ್ತದೆ. ಹಳೆಯ 1872ರ ಕಾಯ್ದೆ ಹೋಗಿ 2023ರ ಹೊಸ ಅಧಿನಿಯಮ ಬಂದರೂ ಆ ನಿಯಮ ಹಾಗೆಯೇ ಉಳಿದಿದೆ. ಪತ್ರವೇ ಬರಿ ತೋರಿಕೆಯದು, ನಿಜವಾದ ವ್ಯವಹಾರ ಬೇರೆ ಇತ್ತು ಎಂದು ಸಾಧಿಸುವುದಕ್ಕೆ 1981ರಲ್ಲಿ ಸುಪ್ರೀಂ ಕೋರ್ಟು ದಾರಿ ಬಿಟ್ಟಿದೆ, ನಿಜ. ಆದರೆ ಸಾಧಿಸುವ ಹೊರೆ ನಿಮ್ಮ ಹೆಗಲಿನದು. ಬಡ್ಡಿ ಕಟ್ಟಿದ್ದಕ್ಕೆ ಚೀಟಿ ಇಲ್ಲದವನು ಆ ಹೊರೆ ಹೊರುವುದು ಹೇಗೆ?

ಹಾಗಾದರೆ ಸಾಲವೇ ಬೇಡವೇ? ಬೇಕು, ಬಡವನಿಗೆ ಸಾಲ ತಪ್ಪದು. ಸಾಲವಾದರೆ ಸಾಲವೆಂದೇ ಬರೆಸಿ. ಅಡಮಾನವಾದರೆ ಅಡಮಾನ ಪತ್ರ, ಭೋಗ್ಯವಾದರೆ ಭೋಗ್ಯ ಪತ್ರ. ಅಸಲು ಎಷ್ಟು, ಬಡ್ಡಿ ಎಷ್ಟು, ವಾಯಿದೆ ಯಾವತ್ತು, ಎಲ್ಲ ಬರೆಸಿ ರಿಜಿಸ್ಟರ್ ಮಾಡಿಸಿ. "ನಂಬಿಕೆ ಇಲ್ಲವೇನ್ರೀ?" ಎಂದು ಅವರು ಮುಖ ಸಿಂಡರಿಸುತ್ತಾರೆ. ನಂಬಿಕೆ ಇರುವವರಿಗೆ ಬರೆದುಕೊಡುವುದಕ್ಕೆ ಏನು ಕಷ್ಟ ಎಂದು ನೀವೂ ಕೇಳಿ.

ಎರಡನೆಯದು, ಕ್ರಯದ ಕರಾರು. ನಮ್ಮ ಜನ ಇದನ್ನು "ಅಗ್ರಿಮೆಂಟು" ಎನ್ನುತ್ತಾರೆ, ಆಯಿತೆಂದರೆ ಸೈಟು ತಮ್ಮದಾಯಿತೆಂದು ಮನೆಯಲ್ಲಿ ಪಾಯಸ ಮಾಡುತ್ತಾರೆ. ಮಿತ್ರರೇ, ಕರಾರು ಬೇರೆ, ಕ್ರಯ ಬೇರೆ. ಕ್ರಯದ ಕರಾರಿನಿಂದ ಸ್ವತ್ತಿನ ಮೇಲೆ ತಾನಾಗಿ ಯಾವ ಹಕ್ಕೂ ಹುಟ್ಟುವುದಿಲ್ಲವೆಂದು ಅದೇ 1882ರ ಕಾಯ್ದೆಯ 54ನೆಯ ಸೆಕ್ಷನ್ ಸ್ಪಷ್ಟವಾಗಿ ಹೇಳಿದೆ. ಮುಂದೆ ಮಾರುತ್ತೇನೆ ಎಂಬ ಮಾತು ಅದು, ಮಾರಿದ್ದೇನೆ ಎಂಬ ಮಾತಲ್ಲ. ಮಾರುವವನು ತಪ್ಪಿದರೆ ಕೋರ್ಟಿಗೆ ಹೋಗಿ ಮಾತು ನಡೆಸಿಕೊಡಿಸಿ ಎಂದು ಕೇಳುವ ಹಕ್ಕು ನಿಮ್ಮದು, ಅದಕ್ಕೂ ಗಡುವಿದೆ. ಕರಾರಿನಲ್ಲಿ ಹೇಳಿದ ದಿನದಿಂದ 3 ವರ್ಷ. ದಿನ ಹೇಳಿಲ್ಲದಿದ್ದರೆ, ಕೊಡುವುದಿಲ್ಲವೆಂದು ನಿಮಗೆ ತಿಳಿದ ದಿನದಿಂದ 3 ವರ್ಷ. "ನಾಳೆ ಮಾಡಿಕೊಡೋಣ, ಆಷಾಢ ಕಳೆಯಲಿ, ಸರ್ವರ್ ಸರಿಯಿಲ್ಲ" ಎಂದು ಮೂರು ವರ್ಷ ತಳ್ಳುವ ಜಾಣರನ್ನು ನೀವು ನೋಡಿಲ್ಲವೇ?

ಕರಾರಿಗೆ ಕೊಡುವ ಮುಂಗಡಕ್ಕೆ ನಮ್ಮ ಹಿರಿಯರು "ಸಂಚಕಾರ" ಎನ್ನುತ್ತಿದ್ದರು. ಪ್ರಾಣಕ್ಕೆ ಸಂಚಕಾರ ಬಂತು ಎನ್ನುವುದೂ ಅದೇ ಪದ. ಕನ್ನಡ ಕಟ್ಟಿದವರಿಗೆ ವ್ಯವಹಾರ ಗೊತ್ತಿತ್ತೆಂದು ನನಗೆ ಅನ್ನಿಸುತ್ತದೆ! ಕರಾರಿನಲ್ಲಿ ಈ ಸಂಚಕಾರದ ಕಂಡಿಕೆಯನ್ನು ಹುಡುಕಿ ಓದಿ. ಸಾಮಾನ್ಯವಾಗಿ ಹೀಗಿರುತ್ತದೆ: ಕೊಳ್ಳುವವನು ವಾಯಿದೆಯೊಳಗೆ ಬಾಕಿ ಕೊಡದಿದ್ದರೆ ಮುಂಗಡ ಮುಟ್ಟುಗೋಲು. ಮಾರುವವನು ತಪ್ಪಿದರೆ? ಮುಂಗಡವನ್ನು ಬಡ್ಡಿಯಿಲ್ಲದೆ ಹಿಂತಿರುಗಿಸುವುದು. ನೋಡಿದಿರಾ, ಒಂದೇ ತಪ್ಪಿಗೆ ಬಡವನಿಗೊಂದು ದಂಡ, ಬಲ್ಲಿದನಿಗೊಂದು ದಂಡ. ಇದು ದೇವರು ಬರೆದ ಸಾಲಲ್ಲ. ಸಹಿಗೆ ಮುಂಚೆ "ನೀವು ತಪ್ಪಿದರೂ ಅಷ್ಟೇ ದಂಡ ಎಂದು ಬರೆಯಿರಿ" ಎನ್ನಬಹುದು. ಒಪ್ಪಂದ ಮುರಿದಾಗ ನ್ಯಾಯವಾದ ಪರಿಹಾರಕ್ಕಿಂತ ಹೆಚ್ಚು ಕಿತ್ತುಕೊಳ್ಳಲು ಬಿಡುವುದಿಲ್ಲವೆಂದು 1872ರ ಕರಾರು ಕಾಯ್ದೆಯ 74ನೆಯ ಸೆಕ್ಷನ್ ಇದ್ದೇ ಇದೆ. ಆದರೆ ಅದನ್ನು ಉಪಯೋಗಿಸಬೇಕಾದರೆ ಕೋರ್ಟು ಸುತ್ತಬೇಕು. ಸಹಿಗೆ ಮುಂಚೆ ಒಂದು ಸಾಲು ತಿದ್ದಿಸುವುದು ಅದಕ್ಕಿಂತ ಅಗ್ಗ.

ನೂರು ರೂಪಾಯಿನ ಸ್ಟಾಂಪು ಕಾಗದದಲ್ಲಿ ಬರೆದರೆ ಸಾಕು ಎಂಬ ನಂಬಿಕೆಯನ್ನೂ ಬಿಡಿ. ಸ್ಟಾಂಪು ಸರ್ಕಾರಕ್ಕೆ ಕಟ್ಟುವ ತೆರಿಗೆ, ಕಾಗದಕ್ಕೆ ಬಲ ಕೊಡುವ ತಾಯಿತವಲ್ಲ. ಸ್ವಾಧೀನ ಕೊಟ್ಟಿದೆ ಎಂದು ಕರಾರಿನಲ್ಲಿ ಬರೆದರೆ ಕ್ರಯಪತ್ರದಷ್ಟೇ ಛಾಪಾ ಶುಲ್ಕ ಕಟ್ಟಬೇಕು. ಕಟ್ಟದಿದ್ದರೆ ಕೋರ್ಟು ಆ ಕಾಗದವನ್ನು ದಂಡ ಕಟ್ಟುವ ತನಕ ಮುಟ್ಟುವುದಿಲ್ಲ.

ಇನ್ನು ಬಡಾವಣೆ ಮಾಡಿ ಕಂತಿನ ಮೇಲೆ ಸೈಟು ಕೊಡುವವರ ವಿಷಯ. ಮೈಸೂರು ಕಡೆಯ ರಸ್ತೆಯಲ್ಲಿ ಬಣ್ಣಬಣ್ಣದ ಕಮಾನು, ಕಮಾನಿನ ಹಿಂದೆ ಸುಣ್ಣದ ಗೆರೆ ಎಳೆದ ಹೊಲ. ತಿಂಗಳು ತಿಂಗಳು ಸಂಬಳದಲ್ಲಿ ಕಟ್ಟಿ, ಚೀಟಿ ಇಟ್ಟುಕೊಂಡು, ಕೊನೆಗೆ ನೋಡಿದರೆ ಹೊಲ ಇನ್ನೂ ಹೊಲವೇ: ಭೂಪರಿವರ್ತನೆ ಆಗಿಲ್ಲ, ನಕ್ಷೆಗೆ ಮಂಜೂರಾತಿ ಇಲ್ಲ. ಇಂಥವರಿಗಾಗಿಯೇ 2016ರಲ್ಲಿ ರಿಯಲ್ ಎಸ್ಟೇಟ್ ಕಾಯ್ದೆ ಬಂತು, "ರೇರಾ" ಎಂದು ಕೇಳಿರುತ್ತೀರಿ. ಅದು ಬೆಂಗಳೂರಿನ ಎತ್ತರದ ಕಟ್ಟಡಗಳಿಗೆ ಮಾತ್ರ ಎಂದು ತಿಳಿಯಬೇಡಿ. ಹೊಲವನ್ನು ಸೈಟು ಮಾಡಿ ಮಾರುವವನಿಗೂ ಅನ್ವಯಿಸುತ್ತದೆ. ಯೋಜನಾ ಪ್ರದೇಶದೊಳಗೆ 500 ಚದರ ಮೀಟರಿಗಿಂತ, ಅಂದರೆ ಹೆಚ್ಚುಕಡಿಮೆ 5 ಗುಂಟೆಗಿಂತ ದೊಡ್ಡ ಬಡಾವಣೆಯಾದರೆ ನೋಂದಣಿ ಮಾಡಿಸದೆ ಜಾಹೀರಾತು ಕೊಡುವುದೇ ತಪ್ಪು. ಬರವಣಿಗೆಯ ಕರಾರು ಮಾಡಿ ಅದನ್ನು ರಿಜಿಸ್ಟರ್ ಮಾಡಿಸುವ ಮುಂಚೆ ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಹಣ ಮುಟ್ಟಕೂಡದು. ಹೇಳಿದ ಹೊತ್ತಿಗೆ ಕೊಡದಿದ್ದರೆ ಬಡ್ಡಿಸಮೇತ ವಾಪಸು ಕೇಳಬಹುದು. "ನಮ್ಮದು ಪಂಚಾಯ್ತಿ ಲಿಮಿಟ್ಟು, ನಮಗೆ ರೇರಾ ಬರೋಲ್ಲ" ಎನ್ನುವವರು ಸಿಗುತ್ತಾರೆ. ಆಗ ಯೋಜನಾ ಪ್ರದೇಶದ ಒಳಗೋ ಹೊರಗೋ ಎಂಬುದನ್ನು ಅವರ ಬಾಯಿಂದ ಕೇಳಬೇಡಿ, ನಗರ ಯೋಜನೆಯ ಕಚೇರಿಯಲ್ಲಿ ಕೇಳಿ. ಹೊರಗಾದರೂ ಭೂಪರಿವರ್ತನೆಯ ಆದೇಶವೂ ಮಂಜೂರಾದ ನಕ್ಷೆಯೂ ಬೇಕೇ ಬೇಕು.

ಈಗ ಪತ್ರದ ಭಾಷೆಗೆ ಬರೋಣ. ಕ್ರಯಪತ್ರದಲ್ಲಿ "ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ" ಎಂಬ ಎಂಟು ಭೋಗಗಳ ಸಮೇತ ಕೊಟ್ಟಿದ್ದೇನೆ ಎಂಬ ಸಾಲು ಇನ್ನೂ ಬರುತ್ತದೆ. ಶಾಸನಗಳ ಕಾಲದ ಮಾತು. ಹೂತಿಟ್ಟ ಹೊನ್ನು, ಒತ್ತೆಯಿಟ್ಟ ಒಡವೆ, ನೀರು, ಕಲ್ಲು, ಇಂದು ಇರುವುದು, ನಾಳೆ ಬರುವುದು, ಎಲ್ಲ ನಿಮಗೇ ಎಂದು ಅರ್ಥ. ಕೇಳಲು ಬಲು ಸೊಗಸು. ನಮ್ಮ ಜನ ಈ ಸಾಲನ್ನು ಓದಿದಾಗ ತಲೆದೂಗುತ್ತಾರೆ, ಅದರ ಕೆಳಗಿನ ಷೆಡ್ಯೂಲನ್ನು ಓದುವ ಹೊತ್ತಿಗೆ ಆಕಳಿಸುತ್ತಾರೆ. ಹೂತಿಟ್ಟ ಹೊನ್ನು ಹಾಗಿರಲಿ, ನಿಮ್ಮ ಹಣೆಬರಹ ಇರುವುದು ಆ ಷೆಡ್ಯೂಲಿನಲ್ಲಿ.

ಷೆಡ್ಯೂಲಿನಲ್ಲಿ "ಪೈಕಿ" ಎಂಬ ಎರಡಕ್ಷರ ಕಂಡರೆ ಅಲ್ಲಿಯೇ ನಿಲ್ಲಿ. "ಸರ್ವೆ ನಂಬರು ಇಷ್ಟರ ಪೈಕಿ 20 ಗುಂಟೆ" ಎಂದು ಬರೆದಿದ್ದರೆ ಅದರ ಅರ್ಥವೇನು? ನಾಲ್ಕು ಎಕರೆ ಹೊಲದಲ್ಲಿ ನಿಮಗೆ ಇಪ್ಪತ್ತು ಗುಂಟೆ ಇದೆ. ಯಾವ ಇಪ್ಪತ್ತು ಗುಂಟೆ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ರಸ್ತೆಯ ಪಕ್ಕದ್ದೋ, ಹಳ್ಳದ ಪಕ್ಕದ್ದೋ, ಕಲ್ಲುಬಂಡೆಯದೋ? ಪೋಡಿ ಆಗಿಲ್ಲ, ಗಡಿಕಲ್ಲು ನೆಟ್ಟಿಲ್ಲ. ಒಂದೇ ಪಹಣಿಯಲ್ಲಿ ಹತ್ತು ಹೆಸರಿದ್ದು, ಹತ್ತು ಮಂದಿಯೂ ರಸ್ತೆಯ ಪಕ್ಕದ ಗುಂಟೆಗಳನ್ನೇ ಮಾರಿದರೆ ಕೊನೆಗೆ ಬಂದವನಿಗೆ ಉಳಿಯುವುದು ದಾವೆಯೊಂದೇ. ಸರ್ವೆ ನಂಬರಿನ ಒಂದು ಭಾಗ ಕೊಳ್ಳುವಾಗ ಸರ್ವೆ ಇಲಾಖೆಯ 11ಇ ನಕ್ಷೆ ಕೇಳುವುದು ಇದಕ್ಕಾಗಿಯೇ. ಚಕ್ಕುಬಂದಿಯನ್ನು ಕೈಯಲ್ಲಿ ಹಿಡಿದು, ಹಗಲು ಹೊತ್ತಿನಲ್ಲಿ, ಜಾಗದ ಮೇಲೆ ನಿಂತು ಓದಿ. ಪೂರ್ವಕ್ಕೆ ಯಾರ ಜಮೀನು ಎಂದು ಬರೆದಿದೆಯೋ ಅವರು ನಿಜವಾಗಿಯೂ ಪೂರ್ವಕ್ಕೆ ಇದ್ದಾರೆಯೇ? ಅವರನ್ನೇ ಕರೆದು ಕೇಳಿ. ಪಕ್ಕದ ಹೊಲದವನಿಗೆ ಗೊತ್ತಿರುವಷ್ಟು ಯಾವ ಕಚೇರಿಗೂ ಗೊತ್ತಿರುವುದಿಲ್ಲ.

ಬರೆದದ್ದನ್ನು ಓದಿದಂತೆ ಬರೆಯದೆ ಬಿಟ್ಟದ್ದನ್ನೂ ಓದಬೇಕು. ಸಹಿ ಮಾಡುವವರ ಪಟ್ಟಿಯಲ್ಲಿ ಅಣ್ಣತಮ್ಮಂದಿರು ನಾಲ್ವರಿದ್ದಾರೆ, ಅಕ್ಕತಂಗಿಯರು ಎಲ್ಲಿ? "ಅವರನ್ನು ಮದುವೆ ಮಾಡಿ ಕೊಟ್ಟಾಯಿತು" ಎನ್ನುತ್ತಾರೆ. ಪಿತ್ರಾರ್ಜಿತ ಸ್ವತ್ತಿನಲ್ಲಿ ಹೆಣ್ಣುಮಕ್ಕಳಿಗೆ ನಮ್ಮ ರಾಜ್ಯ 1994ರಲ್ಲೇ ಹಕ್ಕು ಕೊಟ್ಟಿತು, 2005ರಲ್ಲಿ ದೇಶವೆಲ್ಲ ಒಪ್ಪಿತು, 2020ರಲ್ಲಿ ಸುಪ್ರೀಂ ಕೋರ್ಟು ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಗಟ್ಟಿ ಮಾಡಿತು. ಕೊಳ್ಳುವವನ ಕ್ಷೇಮಕ್ಕಾಗಿ ಹೇಳುತ್ತೇನೆ, ವಂಶವೃಕ್ಷ ಕೇಳಿ. ಅದಕ್ಕಿಂತ ಹೆಚ್ಚಾಗಿ, ಈ ಸಭೆಯಲ್ಲಿರುವ ತಾಯಂದಿರಿಗೆ ಹೇಳುತ್ತೇನೆ: ಅಣ್ಣ ಅರಿಶಿನ ಕುಂಕುಮಕ್ಕೆ ಕರೆದು "ಇಲ್ಲೊಂದು ಸಹಿ ಹಾಕಮ್ಮ" ಎಂದರೆ, ಯಾವ ಪತ್ರಕ್ಕೆ ಎಂದು ಕೇಳುವುದು ಅಣ್ಣನಿಗೆ ಮಾಡುವ ಅವಮಾನವಲ್ಲ.

ಎಚ್.ಡಿ. ಕೋಟೆಯಿಂದ ಬಂದವರಿಗೆ ಇನ್ನೊಂದು ಮಾತು. ಕಬಿನಿ ಹಿನ್ನೀರಿನ ಸುತ್ತ ಜಮೀನಿಗೆ ಈಗ ಎಂಥ ಬೆಲೆ ಬಂದಿದೆಯೆಂಬುದು ನಿಮಗೆ ಗೊತ್ತು. 1974ರಲ್ಲಿ ಅಣೆಕಟ್ಟು ಮುಗಿದಾಗ ಊರು ಬಿಟ್ಟು ಎದ್ದವರ ಮೊಮ್ಮಕ್ಕಳ ಮನೆಯ ಮುಂದೆ ಇಂದು ಹೊರಗಿನವರ ಕಾರು ನಿಲ್ಲುತ್ತದೆ. ವ್ಯವಸಾಯಗಾರರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆದಿದ್ದ 79ಎ, 79ಬಿ ಸೆಕ್ಷನ್ನುಗಳನ್ನು 2020ರಲ್ಲಿ ತೆಗೆದುಹಾಕಿದರು. ಅದೇ ಭೂಸುಧಾರಣೆ ಕಾಯ್ದೆಗೆ ಈ ಹುಣಸೂರು ತಾಲ್ಲೂಕಿನ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ 1974ರಲ್ಲಿ ಜೀವ ತುಂಬಿದ್ದು. ಅಂದು ಗೇಣಿದಾರ ಒಂದು ಫಾರಂ 7 ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತು ಜಮೀನು ಪಡೆದ. ಇಂದು ಅವನ ಮೊಮ್ಮಗ ಒಂದು ಜಿ.ಪಿ.ಎ. ಬರೆದುಕೊಟ್ಟು ಕಳೆದುಕೊಳ್ಳುತ್ತಿದ್ದಾನೆ. ಪಡೆದದ್ದೂ ಕಾಗದದಿಂದಲೇ, ಕಳೆದದ್ದೂ ಕಾಗದದಿಂದಲೇ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಮುಂಚಿತ ಅನುಮತಿ ಇಲ್ಲದೆ ಮಾರಕೂಡದು, ಕೊಳ್ಳಕೂಡದು, 1978ರ ಪಿ.ಟಿ.ಸಿ.ಎಲ್. ಕಾಯ್ದೆ ಇರುವುದು ಅದಕ್ಕೆ. ಜೇನುಕುರುಬರು, ಕಾಡುಕುರುಬರು, ಸೋಲಿಗರು ಇರುವ ನಮ್ಮ ತಾಲ್ಲೂಕುಗಳಲ್ಲಿ ಇಂಥ ಜಮೀನು ಬೇಕಾದಷ್ಟಿದೆ. ಹಾಗೆ ಮಾಡಿದ ಕ್ರಯ ಅಸಿಂಧು. ತಡವಾಗಿ ಅರ್ಜಿ ಹಾಕಿದಿರಿ ಎಂಬ ಕಾರಣಕ್ಕೆ ಬಡವರನ್ನು ವಾಪಸು ಕಳಿಸುತ್ತಿದ್ದರೆಂದು 2023ರಲ್ಲಿ ತಿದ್ದುಪಡಿ ಮಾಡಿ, ಕಾಲಮಿತಿ ಇಲ್ಲವೆಂದು ಹೇಳಿದರು. ದರಖಾಸ್ತಿನ ಜಮೀನಾದರೆ ಸಾಗುವಳಿ ಚೀಟಿಯನ್ನು ಮುಂದೆ ಹಿಂದೆ ತಿರುಗಿಸಿ ಓದಿ. ಇಂತಿಷ್ಟು ವರ್ಷ ಪರಭಾರೆ ಕೂಡದು ಎಂಬ ಷರತ್ತು ಅಲ್ಲಿ ಇರುತ್ತದೆ. ಸಣ್ಣ ಅಂಗಡಿಯವರು ಉಳಿತಾಯದ ಹಣ ಹಾಕಿ ಅಗ್ಗಕ್ಕೆ ಸಿಕ್ಕಿತೆಂದು ಇಂಥ ಜಮೀನು ಹಿಡಿದು, ಜಮೀನೂ ಇಲ್ಲ ದುಡ್ಡೂ ಇಲ್ಲ ಎಂದು ಕೂತಿರುವುದನ್ನು ನಾನು ಕಂಡಿದ್ದೇನೆ. ಜಿ.ಪಿ.ಎ. ಮೇಲೆ ಕೊಂಡರೆ ಸ್ವತ್ತು ನಿಮ್ಮದಾಗುವುದಿಲ್ಲವೆಂದು 2011ರಲ್ಲೇ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ.

"ರಿಜಿಸ್ಟರ್ ಆಗಿದೆಯಲ್ಲ ಸ್ವಾಮಿ, ಸರ್ಕಾರವೇ ನೋಡಿದೆಯಲ್ಲ?" ಎನ್ನುತ್ತೀರಿ. ಸಬ್ ರಿಜಿಸ್ಟ್ರಾರ್ ಮುಖ್ಯವಾಗಿ ನೋಡುವುದು ಸಹಿ ಮಾಡಿದವರು ನೀವೇ ಹೌದೇ, ಶುಲ್ಕ ಕಟ್ಟಿದೆಯೇ ಎಂದು. ಮಾರುವವನಿಗೆ ಹಕ್ಕಿದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಅವರ ಕೆಲಸವಲ್ಲವೆಂದು 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು ಮತ್ತೊಮ್ಮೆ ಹೇಳಿದೆ. ಋಣಭಾರ ಪತ್ರ ತೆಗೆಸಿ, ಈಗ ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲೇ ಕೂತು ತೆಗೆಯಬಹುದು. ಆದರೆ ಅದರಲ್ಲಿ ಕಾಣುವುದು ರಿಜಿಸ್ಟರ್ ಆದ ವ್ಯವಹಾರ ಮಾತ್ರ. ಬಾಯಿಮಾತಿನ ಪಾಲು, ರಿಜಿಸ್ಟರ್ ಆಗದ ಕರಾರು ಕಾಣುವುದಿಲ್ಲ. ಮೂಲಪತ್ರವನ್ನು ಒತ್ತೆಯಿಟ್ಟು ತಂದ ಸಾಲವೂ ಕಾಣದೆ ಇರಬಹುದು. ಆದುದರಿಂದ ಜೆರಾಕ್ಸು ತೋರಿಸಿದವನಿಗೆ "ಮೂಲಪತ್ರ ತನ್ನಿ" ಎನ್ನಿ. ಅದು ಬ್ಯಾಂಕಿನಲ್ಲಿದೆಯೋ, ಷರಾಫನಲ್ಲಿದೆಯೋ ಆಗ ಗೊತ್ತಾಗುತ್ತದೆ.

ಇಲ್ಲಿ ದಲ್ಲಾಳಿ ಕೆಲಸ ಮಾಡುವ ಮಿತ್ರರೂ ಕೂತಿದ್ದೀರಿ. ಬೀಡಾ ಅಂಗಡಿ, ಜೆರಾಕ್ಸ್ ಅಂಗಡಿಯ ಜತೆಗೆ ನೂರಕ್ಕೆ ಒಂದೋ ಎರಡೋ ಕಮಿಷನ್ನಿಗೆ ಸೈಟು ತೋರಿಸುವವರು. ನಿಮ್ಮನ್ನು ಬಯ್ಯಲು ನಾನು ಬಂದಿಲ್ಲ, ನಿಮ್ಮದೂ ಹೊಟ್ಟೆಪಾಡು. ಆದರೆ ನಿಮ್ಮ ಮಾತಿನ ಮೇಲೆ ನಂಬಿಕೆಯಿಟ್ಟು ಒಬ್ಬ ಹಮಾಲ ಜೀವಮಾನದ ಗಂಟು ಬಿಚ್ಚುತ್ತಾನೆ ಎಂಬುದನ್ನು ಮರೆಯಬೇಡಿ. ನೋಂದಣಿಗೆ ಸೇರಿದ ಬಡಾವಣೆಯ ಸೈಟು ಮಾರಿಸಬೇಕಾದರೆ ರೇರಾ ಕಾಯ್ದೆಯಂತೆ ದಲ್ಲಾಳಿಯೂ ನೋಂದಾಯಿಸಿಕೊಳ್ಳಬೇಕು. ಕೊಳ್ಳುವವನಿಗೆ ಸಲ್ಲಬೇಕಾದ ಮಾಹಿತಿ, ಕಾಗದಪತ್ರ ಎಲ್ಲವೂ ಬುಕಿಂಗ್ ಹೊತ್ತಿಗೇ ಅವನ ಕೈಗೆ ಸಿಗುವಂತೆ ಮಾಡಬೇಕು. ತಪ್ಪಿದರೆ ದಿನಕ್ಕೆ 10,000 ರೂಪಾಯಿನಂತೆ, ಒಟ್ಟು ಸೈಟಿನ ಬೆಲೆಯ ನೂರಕ್ಕೆ 5ರವರೆಗೆ ದಂಡ. ದಂಡದ ಮಾತು ಹಾಗಿರಲಿ. ಗಿರಾಕಿಯನ್ನು ಕೂರಿಸಿಕೊಂಡು ಹುಣಸೂರಿನ ಕನ್ನಡದಲ್ಲಿ, ಕೋರ್ಟಿನ ಕನ್ನಡದಲ್ಲಲ್ಲ, "ಅಣ್ಣ, ಇದರಲ್ಲಿ ನಿನಗೆ ಇದು ಸಿಗುತ್ತೆ, ಇದು ಸಿಗೋಲ್ಲ, ತಪ್ಪಿದರೆ ಇಷ್ಟು ಹೋಗುತ್ತೆ" ಎಂದು ಹೇಳಿ. ಸಿಗುವುದನ್ನು ಎಲ್ಲರೂ ಹೇಳುತ್ತಾರೆ. ಸಿಗದೆ ಇರುವುದನ್ನು ಹೇಳುವ ದಲ್ಲಾಳಿಗೆ ಒಂದು ವ್ಯಾಪಾರ ತಪ್ಪಬಹುದು, ಆದರೆ ಅದೇ ಬೀದಿಯಿಂದ ಹತ್ತು ಜನ ಹುಡುಕಿಕೊಂಡು ಬರುತ್ತಾರೆ.

ಓದುವುದಕ್ಕೊಂದು ಕ್ರಮವಿದೆ. ಕರಡನ್ನು ಮನೆಗೆ ತನ್ನಿ. "ಇವತ್ತೇ ಸಹಿ, ನಾಳೆ ಬೇರೆ ಪಾರ್ಟಿ ಬರ್ತಾರೆ" ಎಂದರೆ ಬರಲಿ ಎನ್ನಿ. ಸಂಘದ ಕಚೇರಿಯಲ್ಲಿ ಭಾನುವಾರ ಹೊತ್ತು ನಾಲ್ಕು ಜನ ಕೂತು ಒಬ್ಬರು ಗಟ್ಟಿಯಾಗಿ ಓದಲಿ, ಅರ್ಥವಾಗದ ಪದ ಬಂದಲ್ಲಿ ಕೆಂಪು ಗೆರೆ ಎಳೆಯಿರಿ. ಬಾಯಲ್ಲಿ ಅವರು ಏನೇನು ಒಪ್ಪಿದ್ದರೋ ಅದನ್ನು ಬೇರೆ ಹಾಳೆಯಲ್ಲಿ ಬರೆದು ಪಕ್ಕದಲ್ಲಿಡಿ: ನೀರಿನ ನಲ್ಲಿ, ಮೂವತ್ತಡಿ ರಸ್ತೆ, ಮೋರಿ, ಆರು ತಿಂಗಳಲ್ಲಿ ಖಾತೆ. ಒಂದೊಂದೂ ಕರಡಿನಲ್ಲಿ ಎಲ್ಲಿದೆ ಎಂದು ಹುಡುಕಿ. ಇಲ್ಲದ್ದನ್ನು ಸೇರಿಸಿ ತನ್ನಿ ಎಂದು ಹೇಳಿ ಕಳಿಸಿ. ಸೇರಿಸಲು ಒಪ್ಪದಿದ್ದರೆ, ಆ ಮಾತನ್ನು ನಡೆಸುವ ಮನಸ್ಸು ಮೊದಲೇ ಇರಲಿಲ್ಲ ಎಂಬುದು ಹಣ ಕೊಡುವ ಮುಂಚೆ ಗೊತ್ತಾಯಿತು. ನಿಮ್ಮ ಗಂಟು ಉಳಿಯಿತು. ಖಾಲಿ ಜಾಗ ಬಿಟ್ಟ ಹಾಳೆಗೆ ಸಹಿ ಕೂಡದು. ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಬರೆದುಕೊಡಿ ಎಂದು ಕೇಳಿ. ಕನ್ನಡದ ಪತ್ರ ನಮ್ಮ ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೂ ನಡೆಯುತ್ತದೆ. ವಕೀಲರ ಫೀಸು ಉಳಿಸಲು ಹೋಗಬೇಡಿ, ಆದರೆ ಮಾರುವವರ ವಕೀಲರೇ ನಿಮಗೂ ವಕೀಲರಾಗಲು ಬಿಡಬೇಡಿ.

ಅಂಗಡಿ ಬಾಡಿಗೆಯ ಕರಾರಿನ ಬಗ್ಗೆ ವ್ಯಾಪಾರಿಗಳು ಚೀಟಿ ಕಳಿಸಿದ್ದಾರೆ. ಅದೇ ನಿಯಮ. ಒಂದು ವರ್ಷಕ್ಕೆ ಮೀರಿದ ಬಾಡಿಗೆಯ ಕರಾರನ್ನು ರಿಜಿಸ್ಟರ್ ಮಾಡಿಸಬೇಕು. ಅದಕ್ಕೇ ಎಲ್ಲರೂ 11 ತಿಂಗಳು ಎಂದು ಬರೆಯುವುದು. ಅಡ್ವಾನ್ಸು ಎಷ್ಟು ದಿನದೊಳಗೆ ವಾಪಸು, ಬಾಡಿಗೆ ವರ್ಷಕ್ಕೆ ಎಷ್ಟು ಏರಿಕೆ, ಬಣ್ಣ ಹೊಡೆಸುವ ಖರ್ಚು ಯಾರದು, ಇಷ್ಟನ್ನು ಬರೆಸಿಕೊಳ್ಳಿ.

ಕೊನೆಗೆ, ಮುಂಚೆಯೇ ಸಹಿ ಹಾಕಿಬಿಟ್ಟವರು ಏನು ಮಾಡಬೇಕು ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ರಿಜಿಸ್ಟರ್ ಆದ ಪತ್ರವಾದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಕೊಟ್ಟು ದೃಢೀಕೃತ ನಕಲು ತೆಗೆಸಿಕೊಳ್ಳಿ, ನಿಮ್ಮ ಕೈಯಲ್ಲಿ ಪ್ರತಿ ಇಲ್ಲದಿದ್ದರೂ ಚಿಂತೆಯಿಲ್ಲ. ಹಣ ಕೊಟ್ಟದ್ದಕ್ಕೆ ಬ್ಯಾಂಕಿನ ಪಾಸ್‌ಬುಕ್ಕು, ಚೀಟಿ, ಫೋನಿಗೆ ಬಂದ ಸಂದೇಶ ಎಲ್ಲ ಒಂದೆಡೆ ಸೇರಿಸಿ. ಮೋಸವೆಂದು ತಿಳಿದ ದಿನದಿಂದ 3 ವರ್ಷದೊಳಗೆ ಪತ್ರ ರದ್ದುಮಾಡಿಸಲು ದಾವೆ ಹೂಡಬೇಕು, ಆದ್ದರಿಂದ ಹಬ್ಬ ಕಳೆಯಲಿ ಎಂದು ಕೂರಬೇಡಿ. ವಕೀಲರಿಗೆ ಕೊಡಲು ದುಡ್ಡಿಲ್ಲವೇ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೆಯ ಸೆಕ್ಷನ್ನಿನಲ್ಲಿ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕೈಗಾರಿಕೆಯ ಕಾರ್ಮಿಕರಿಗೆ ವರಮಾನ ಎಷ್ಟೆಂದು ನೋಡದೆ ಉಚಿತವಾಗಿ ವಕೀಲರನ್ನು ಕೊಡಬೇಕೆಂದಿದೆ. ಗಿರಣಿಯ ಸೋದರರೇ, ಕಾರ್ಮಿಕ ಎಂದರೆ ನೀವೇ. ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಕೆಲಸ ಮಾಡುವುದು ಕೋರ್ಟಿನ ಆವರಣದಲ್ಲಿಯೇ. ಕೆಲಸದ ಗುರುತಿನ ಚೀಟಿಯ ನಕಲನ್ನೂ ಪತ್ರದ ನಕಲನ್ನೂ ಹಿಡಿದು, ಅರ್ಜಿಯನ್ನು ಕನ್ನಡದಲ್ಲೇ ಬರೆದು ಕೊಡಿ, ಕೊಟ್ಟದ್ದಕ್ಕೆ ಸೀಲು ಹಾಕಿಸಿಕೊಂಡು ಬನ್ನಿ.